ಡಾಟ್ಸನ್ ಹೆಸರು ಅಳಿಸೋಕೆ 50 ಕೋಟಿ ಡಾಲರ್

ಈ ಸಲದ ಕಥೆ, ಚೆನ್ನಾಗಿ ಓಡ್ತಿದ್ದ ತನ್ನದೇ ಹೆಸರನ್ನ ಅಳಿಸೋಕೆ ಹೊರಟ ಒಂದು ಕಾರ್ ಕಂಪನಿಯದ್ದು.

1914ರಲ್ಲಿ ಜಪಾನಿನಲ್ಲಿ ಒಂದು ಕಾರು ತಯಾರಾಯ್ತು. ದುಡ್ಡು ಹಾಕಿದ್ದ ಡೆನ್, ಅಓಯಾಮಾ, ಟಾಕೆಉಚಿ ಈ ಮೂವರ ಇಂಗ್ಲಿಷ್ ಮೊದಲಕ್ಷರ ಸೇರಿಸಿ ಅದಕ್ಕೆ 'ಡ್ಯಾಟ್' ಅಂತ ಹೆಸರಿಟ್ಟರು. 1931ರಲ್ಲಿ ಅದಕ್ಕಿಂತ ಚಿಕ್ಕ ಕಾರು ಬಂತು. ಡ್ಯಾಟ್‌ನ ಮಗ ಅನ್ನೋ ಅರ್ಥದಲ್ಲಿ ಅದು 'ಡ್ಯಾಟ್‌ಸನ್'. ಆದ್ರೆ ಜಪಾನಿ ಭಾಷೆಯಲ್ಲಿ 'ಸೊನ್' ಅಂದ್ರೆ ನಷ್ಟ! ಬಿ.ಕಾಂ. ಓದಿದ ನನಗೆ ಈ ಭಾಗ ಬಹಳ ಇಷ್ಟ. ಸ್ಪೆಲ್ಲಿಂಗ್‌ನಲ್ಲಿ 'ಓ' ತೆಗೆದು 'ಯು' ಹಾಕಿದ್ರು. ಮಗ ಹೋಗಿ ಸೂರ್ಯ ಬಂದ.

1934ರಲ್ಲಿ ಕಂಪನಿಗೆ ನಿಸ್ಸಾನ್ ಮೋಟಾರ್ ಅಂತ ಹೆಸರಾಯ್ತು. 'ನಿಹೊನ್ ಸಾಂಗ್ಯೊ' ಅನ್ನೋ ಹೋಲ್ಡಿಂಗ್ ಕಂಪನಿಯನ್ನ ಷೇರುಪೇಟೆಯಲ್ಲಿ ಚುಟುಕಾಗಿ ಹಾಗೆ ಕರೀತಿದ್ರು. ಹೀಗೆ ಕಂಪನಿಗೊಂದು ಹೆಸರು, ಕಾರಿಗೊಂದು ಹೆಸರು. ಅಮೆರಿಕದ ಜನ ಕೊಂಡಿದ್ದು ಡಾಟ್ಸನ್. 1969ರಲ್ಲಿ ಬಂದ ಸ್ಪೋರ್ಟ್ಸ್ ಕಾರು ಜಪಾನಿನಲ್ಲಿ ನಿಸ್ಸಾನ್ ಫೇರ್‌ಲೇಡಿ ಝಡ್, ಅಮೆರಿಕದಲ್ಲಿ ಡಾಟ್ಸನ್ 240ಝಡ್. 'ಫೇರ್‌ಲೇಡಿ' ಅನ್ನೋದು ಅಲ್ಲಿನ ಮುಖ್ಯಸ್ಥ ಯುಟಾಕಾ ಕಟಾಯಾಮಾ ಅವರಿಗೆ ಹಿಡಿಸಿರಲಿಲ್ಲ, ಬ್ಯಾಡ್ಜೇ ಬದಲಾಯಿಸಿಬಿಟ್ಟರು. ಕಾರು ಸಿಕ್ಕಾಪಟ್ಟೆ ಓಡ್ತು.

1981ರಲ್ಲಿ ಮೇಲಿನವರು ತೀರ್ಮಾನ ಮಾಡಿದ್ರು: ಇನ್ಮುಂದೆ ಪ್ರಪಂಚದಾದ್ಯಂತ ಒಂದೇ ಹೆಸರು, ನಿಸ್ಸಾನ್. ಕಾಗದದ ಮೇಲೆ ಎಷ್ಟು ಸಲೀಸು ನೋಡಿ! ಆದ್ರೆ ಹೆಸರು ಇರೋದು ಕಾಗದದಲ್ಲಿ ಮಾತ್ರ ಅಲ್ವಲ್ಲ. ಡೀಲರ್‌ಗಳ ಬೋರ್ಡು, ಜಾಹೀರಾತು, ಬ್ರೋಷರ್, ಕಾರಿನ ಹಿಂದಿನ ಬ್ಯಾಡ್ಜ್, ಎಲ್ಲಾ ಕಡೆ ಅದೇ. ಅಮೆರಿಕದಲ್ಲೇ ಸುಮಾರು 1,100 ಡೀಲರ್‌ಗಳ ಬೋರ್ಡ್ ಬದಲಾಗಬೇಕಿತ್ತು. ನಡುವಿನ ಕೆಲವು ವರ್ಷ 'ಡಾಟ್ಸನ್ ಬೈ ನಿಸ್ಸಾನ್' ಅನ್ನೋ ಅಡ್ಡಗೋಡೆ ಮೇಲಿನ ದೀಪದಂಥ ಬ್ಯಾಡ್ಜ್ ಬೇರೆ! ಒಟ್ಟು ಖರ್ಚು ಸುಮಾರು 50 ಕೋಟಿ ಡಾಲರ್ ಅನ್ನೋದು ಸಾಮಾನ್ಯವಾಗಿ ಹೇಳೋ ಅಂದಾಜು. ಇಷ್ಟಾದ್ರೂ ಎಷ್ಟೋ ವರ್ಷ ಜನರ ಬಾಯಲ್ಲಿ ಡಾಟ್ಸನ್ನೇ.

ಒಂದೇ ಹೆಸರು ಬೇಕು ಅನ್ನೋ ಆಸೆ ತಪ್ಪು ಅಂತ ನಾನು ಹೇಳಲ್ಲ. ಆದ್ರೆ ಯಾವ ಹೆಸರು ಉಳಿಸ್ಕೋಬೇಕು ಅನ್ನೋದರಲ್ಲಿ ಎಡವಿದ್ರು ಅನ್ಸುತ್ತೆ. ಕಾರಣವೂ ಅಕೌಂಟ್ಸ್ ಪುಸ್ತಕದಲ್ಲೇ ಇರಬಹುದು. ಬೇರೆಯವರಿಂದ ದುಡ್ಡು ಕೊಟ್ಟು ಕೊಂಡ ಬ್ರ್ಯಾಂಡ್ ಬ್ಯಾಲೆನ್ಸ್ ಶೀಟ್‌ನಲ್ಲಿ ಆಸ್ತಿಯಾಗಿ ಕಾಣುತ್ತೆ. ಕಂಪನಿ ತಾನೇ ಬೆಳೆಸಿದ ಬ್ರ್ಯಾಂಡ್‌ಗೆ ಅಲ್ಲಿ ಜಾಗವಿಲ್ಲ. ಲೆಕ್ಕದಲ್ಲೇ ಇಲ್ಲದ್ದನ್ನ ಬಿಸಾಕೋವಾಗ ಕೈ ನಡುಗೋದಾದ್ರೂ ಹೇಗೆ?

ಆಮೇಲೆ 2013ರ ಜುಲೈನಲ್ಲಿ, ದೆಹಲಿಯಲ್ಲಿ, ಅದೇ ಕಂಪನಿ ಡಾಟ್ಸನ್ ಹೆಸರನ್ನ ಮತ್ತೆ ಹೊರಗೆ ತೆಗೀತು. ಕಡಿಮೆ ಬೆಲೆಯ 'ಗೋ' ಕಾರಿಗೆ. ಆ ಹೆಸರಿನ ಹಳೇ ನೆನಪು ಇದ್ದಿದ್ದು ಅಮೆರಿಕದಲ್ಲಿ, ಮಾರೋಕೆ ಹೊರಟಿದ್ದು ನಮಗೆ. ನಮ್ಮ ರೋಡ್‌ಗಳಲ್ಲಿ ಗೋ, ರೆಡಿ-ಗೋ ಈಗಲೂ ಕಾಣ್ತವೆ. 2022ರಲ್ಲಿ ನಿಸ್ಸಾನ್ ಭಾರತದಲ್ಲಿ ಡಾಟ್ಸನ್ ನಿಲ್ಲಿಸ್ತು. ಈ ಸಲ ಅಳಿಸೋಕೆ ಅಷ್ಟು ಕಷ್ಟ ಆಗಲಿಲ್ಲ.