ದೂರಾದೇಶ ದೋಷ: ಮೋಡೆಮ್, ರೌಟರ್, ಫೈರ್‌ವಾಲ್‌ಗಳ ಆಡಳಿತ ಪುಟದ ಇತಿಹಾಸ

ದೂರಾದೇಶ ದೋಷ: ಮೋಡೆಮ್, ರೌಟರ್, ಫೈರ್‌ವಾಲ್‌ಗಳಂಥ ಜಾಲ ಸಾಧನಗಳ ಆಡಳಿತ ಪುಟದಲ್ಲಿ ಉಳಿದುಬಿಟ್ಟಿರುವ ತಂತ್ರಾಂಶದ ಕೊರತೆ. ಅಧಿಕಾರವಿಲ್ಲದವರು ಎಲ್ಲೋ ಕುಳಿತು ಆ ಸಾಧನಕ್ಕೆ ತಮಗೆ ಬೇಕಾದ ಕಮಾಂಡ್ ಕೊಟ್ಟು ನಡೆಸಲು ಇದು ದಾರಿ ಮಾಡಿಕೊಡುತ್ತದೆ. ‘ರಿಮೋಟ್ ಕಮಾಂಡ್ ಎಕ್ಸಿಕ್ಯೂಷನ್’ ಎಂಬುದು ತಂತ್ರಜ್ಞರ ನಡುವೆ ರೂಢಿಯಲ್ಲಿರುವ ಹೆಸರು. ಕಂಪ್ಯೂಟರಿಗೆ ವೈರಸ್ ಹೊಕ್ಕರೆ ಪರದೆಯ ಮೇಲೆ ಏನಾದರೂ ಸುಳಿವು ಸಿಗಬಹುದು. ಮೋಡೆಮಿಗೆ ಪರದೆಯೇ ಇಲ್ಲ, ಇರುವುದು ನಾಲ್ಕೈದು ದೀಪ. ಪರರ ಕೈವಶವಾದ ಮೇಲೂ ಆ ದೀಪಗಳು ಎಂದಿನಂತೆಯೇ ಮಿನುಗುತ್ತಿರುತ್ತವೆ. ಕರ್ನಾಟಕದ ಬ್ರಾಡ್‌ಬ್ಯಾಂಡ್ ಗ್ರಾಹಕರಿಗೆ ಈ ಬಗೆಯ ದಾಳಿಯ ಬಿಸಿ ನೇರವಾಗಿ ತಟ್ಟಿದ್ದು 2017ರ ಜುಲೈನಲ್ಲಿ. ಅದಕ್ಕೆ ಕಾರಣವಾದ ತಪ್ಪುಗಳು ಅದಕ್ಕಿಂತ ಬಹಳ ಹಳೆಯವು.

ದೋಷದ ಬೇರು ಎಷ್ಟು ಸಣ್ಣದು ಎಂಬುದನ್ನು ಒಂದು ಮೋಡೆಮ್ ಎದುರಿಗಿಟ್ಟುಕೊಂಡೇ ನೋಡಬಹುದು. ಬ್ರೌಸರಿನಲ್ಲಿ 192.168.1.1 ಎಂದು ಹಾಕಿದರೆ ಲಾಗಿನ್ ಪುಟ ಬರುತ್ತದೆ. ಒಳಹೊಕ್ಕರೆ ‘ಡಯಾಗ್ನೋಸ್ಟಿಕ್ಸ್’ ಎಂಬಲ್ಲಿ ಒಂದು ಖಾಲಿ ಚೌಕ. ಅದರಲ್ಲಿ 8.8.8.8 ಎಂದು ಬರೆದು ‘ಪಿಂಗ್’ ಒತ್ತಿದರೆ, ಆ ವಿಳಾಸ ಉತ್ತರ ಕೊಡುತ್ತಿದೆಯೇ ಎಂದು ಮೋಡೆಮ್ ಪರೀಕ್ಷಿಸಿ ಹೇಳುತ್ತದೆ. ಹಿಂದೆ ನಡೆಯುವ ಕೆಲಸ ಇಷ್ಟೇ: ಪುಟದ ಪ್ರೋಗ್ರಾಂ ‘ಪಿಂಗ್’ ಎಂಬ ಪದದ ಮುಂದೆ ನಾವು ಬರೆದದ್ದನ್ನು ಅಂಟಿಸಿ, ಇಡೀ ಸಾಲನ್ನು ಸಾಧನದೊಳಗೆ ಕಮಾಂಡುಗಳನ್ನು ನಡೆಸುವ ಲಿನಕ್ಸ್ ಶೆಲ್‌ಗೆ ಒಪ್ಪಿಸುತ್ತದೆ. ಶೆಲ್‌ನ ಭಾಷೆಯಲ್ಲಿ ಅರ್ಧವಿರಾಮದ ಚಿಹ್ನೆಗೆ ಒಂದು ಕಮಾಂಡ್ ಮುಗಿಯಿತು, ಮುಂದಿನದು ಶುರು ಎಂದರ್ಥ. ವಿಳಾಸದ ನಂತರ ಆ ಚಿಹ್ನೆ ಹಾಕಿ ಇನ್ನೊಂದು ಕಮಾಂಡ್ ಬರೆದರೆ ಶೆಲ್ ಅದನ್ನೂ ನಡೆಸಿಬಿಡುತ್ತದೆ. ಅರ್ಜಿದಾರನ ಸಹಿಯ ಕೆಳಗೆ ಬೇರೆ ಯಾರೋ ಒಂದು ಸಾಲು ಸೇರಿಸಿ ಕೊಟ್ಟರೆ, ಓದದೆ ಮೊಹರು ಒತ್ತುವ ಗುಮಾಸ್ತನಂತೆ. ಬಹುತೇಕ ಸಾಧನಗಳಲ್ಲಿ ಈ ಪ್ರೋಗ್ರಾಂ ‘ರೂಟ್’ ಅಧಿಕಾರದಲ್ಲಿ, ಅಂದರೆ ಯಾವ ತಡೆಯೂ ಇಲ್ಲದೆ ಓಡುತ್ತದೆ. ಆದ್ದರಿಂದ ಸೇರಿಸಿದ ಆ ಒಂದು ಸಾಲಿಗೆ ಸಾಧನದ ಮೇಲೆ ಪೂರ್ಣ ಒಡೆತನ ಸಿಗುತ್ತದೆ. ಲಾಗಿನ್ ಪುಟವನ್ನು ದಾಟದೆಯೇ ಆ ಚೌಕವನ್ನು ತಲುಪುವ ಸಂದು ಇದ್ದರಂತೂ ಪಾಸ್‌ವರ್ಡಿನ ಗೊಡವೆಯೂ ಬೇಕಿಲ್ಲ.

ಈ ಜಾತಿಯ ದೋಷ ಮೊದಲು ಹೆಸರು ಮಾಡಿದ್ದು ವೆಬ್ ಸರ್ವರುಗಳಲ್ಲಿ. ಆರಂಭದ ಸರ್ವರ್ ತಂತ್ರಾಂಶಗಳ ಜೊತೆ ಮಾದರಿಗೆಂದು ಬರುತ್ತಿದ್ದ ‘ಪಿಎಚ್‌ಎಫ್’ ಎಂಬ ಪುಟ್ಟ ದೂರವಾಣಿ ಪುಸ್ತಕದ ಪ್ರೋಗ್ರಾಂ, ಅರ್ಧವಿರಾಮದಂತೆಯೇ ಕಮಾಂಡನ್ನು ಮುಗಿಸುವ ಹೊಸ ಸಾಲಿನ ಚಿಹ್ನೆಯನ್ನು ಸೋಸಿ ತೆಗೆಯಲು ಮರೆತಿತ್ತು. 1996ರಲ್ಲಿ ಅಮೆರಿಕದ ಕಂಪ್ಯೂಟರ್ ಭದ್ರತೆಯ ಸರ್ಟ್ ಸಂಸ್ಥೆ ಇದರ ಬಗ್ಗೆ ಎಚ್ಚರಿಕೆ ಹೊರಡಿಸಿತು. ಜಾಲ ಸಾಧನಗಳ ಸರದಿ 2001ರ ಜೂನ್‌ನಲ್ಲಿ ಬಂತು. ಸಿಸ್ಕೊ ರೌಟರುಗಳ ವೆಬ್ ಪುಟದ ವಿಳಾಸದಲ್ಲಿ ‘ಲೆವೆಲ್’ ಎಂಬ ಪದದ ಮುಂದೆ 16ರಿಂದ 99ರವರೆಗಿನ ಸಂಖ್ಯೆಯೊಂದನ್ನು ಹಾಕಿ ‘ಎಕ್ಸೆಕ್’ ಎಂದು ಸೇರಿಸಿದರೆ, ಪಾಸ್‌ವರ್ಡ್ ಕೇಳದೆಯೇ ಅತ್ಯುನ್ನತ ಅಧಿಕಾರದಲ್ಲಿ ಕಮಾಂಡ್ ನಡೆಯುತ್ತಿತ್ತು. ಅಧಿಕಾರದ ಮಟ್ಟಗಳಿದ್ದದ್ದು 15ರವರೆಗೆ ಮಾತ್ರ. ಅದಕ್ಕೂ ಮೇಲಿನ ಸಂಖ್ಯೆಯನ್ನು ಯಾರಾದರೂ ಹಾಕಿಯಾರು ಎಂದು ತಂತ್ರಾಂಶ ಬರೆದವರಿಗೆ ತೋಚಿರಲಿಲ್ಲ.

ನಮ್ಮ ಕಡೆಗೆ ಬಂದರೆ, 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ‘ಡೇಟಾಒನ್’ ಬ್ರಾಡ್‌ಬ್ಯಾಂಡ್ ಸೇವೆ ಆರಂಭಿಸಿತು. ಅದಾಗಲೇ ಇದ್ದ ದೂರವಾಣಿಯ ತಾಮ್ರದ ತಂತಿಯಲ್ಲೇ ಅಂತರ್ಜಾಲ ಬಂದದ್ದರಿಂದ ಸಣ್ಣ ಊರುಗಳಿಗೂ ಅದು ಕ್ರಮೇಣ ತಲುಪಿತು. ಮನೆ, ಅಂಗಡಿ, ಬ್ಯಾಂಕು, ಶಾಲೆಗಳ ಮೂಲೆಯಲ್ಲಿ ಒಂದೊಂದು ಮೋಡೆಮ್ ಕುಳಿತಿತು. ಅದೇ 2005ರಲ್ಲಿ ದೂರದ ಅಮೆರಿಕದಲ್ಲಿ ಅಲೆಗ್ರೊ ಎಂಬ ಕಂಪನಿ ತನ್ನ ‘ರಾಮ್‌ಪೇಜರ್’ ತಂತ್ರಾಂಶದ ಒಂದು ತಪ್ಪನ್ನು ತಿದ್ದಿತು. ಮೋಡೆಮುಗಳ ಆಡಳಿತ ಪುಟವನ್ನು ಬಡಿಸುವ ಪುಟಾಣಿ ವೆಬ್ ಸರ್ವರ್ ಅದು. ತಿದ್ದಿದ ಪ್ರತಿ ಸಿದ್ಧವಿದ್ದರೂ, ಚಿಪ್ ಮಾಡುವವರು ಹಳೆಯ ಪ್ರತಿಯನ್ನೇ ಮೋಡೆಮ್ ಕಂಪನಿಗಳಿಗೆ ಕೊಡುತ್ತ ಹೋದರು, ಮೋಡೆಮ್ ಕಂಪನಿಗಳು ಅದನ್ನೇ ತುಂಬಿ ಮಾರುತ್ತ ಹೋದವು. ಒಂಬತ್ತು ವರ್ಷದ ಮೇಲೆ, 2014ರ ಡಿಸೆಂಬರಿನಲ್ಲಿ, ಚೆಕ್ ಪಾಯಿಂಟ್ ಸಂಸ್ಥೆಯ ಸಂಶೋಧಕರು ಲೆಕ್ಕ ಹಾಕಿದಾಗ 189 ದೇಶಗಳಲ್ಲಿ 1 ಕೋಟಿ 20 ಲಕ್ಷದಷ್ಟು ಸಾಧನಗಳು ಆ ಹಳೆಯ ತಪ್ಪನ್ನೇ ಹೊತ್ತು ಕುಳಿತಿದ್ದವು. ಡಿ-ಲಿಂಕ್, ಟಿಪಿ-ಲಿಂಕ್, ಜೆಡ್‌ಟಿಇಯಂಥ ಹೆಸರುಗಳ ಮಾದರಿಗಳೂ ಅದರಲ್ಲಿದ್ದವು. ಸಂಶೋಧಕರು ಇದಕ್ಕೆ ‘ಮಿಸ್‌ಫಾರ್ಚೂನ್ ಕುಕಿ’ ಎಂದು ಹೆಸರಿಟ್ಟರು. ಈ ಇತಿಹಾಸದಲ್ಲಿ ನನ್ನ ಮನಸ್ಸನ್ನು ಹೆಚ್ಚು ಕಲಕುವ ಘಟನೆ ಇದೇ. ಮದ್ದು ತಯಾರಾಗಿ ಒಂಬತ್ತು ವರ್ಷವಾದರೂ ರೋಗಿಯ ಮನೆ ಬಾಗಿಲಿಗೆ ಬರಲೇ ಇಲ್ಲ.

ಈ ನಡುವೆ ಮೋಡೆಮುಗಳಿಗೆ ಇನ್ನೊಂದು ಬಾಗಿಲು ಬಂದಿತ್ತು. ಲಕ್ಷಾಂತರ ಗ್ರಾಹಕರ ಮನೆಗೆ ಲೈನ್‌ಮನ್ ಹೋಗಿ ಸೆಟ್ಟಿಂಗ್ ಹಾಕುವುದು ಆಗದ ಮಾತು. ಅದಕ್ಕಾಗಿ ಸೇವಾದಾರರು ದೂರದಿಂದಲೇ ಮೋಡೆಮನ್ನು ನಿರ್ವಹಿಸುವ ‘ಟಿಆರ್-069’ ಎಂಬ ಸಂವಹನ ನಿಯಮಾವಳಿ 2004ರಲ್ಲಿ ರೂಪುಗೊಂಡಿತು. ಅದರ ಸಂಪರ್ಕಕ್ಕೆ ಮೀಸಲಾದ ಪೋರ್ಟ್ ಸಂಖ್ಯೆ 7547. ಈ ಬಾಗಿಲನ್ನು ಸೇವಾದಾರರ ಸರ್ವರಿಗೆ ಮಾತ್ರ ತೆರೆಯಬೇಕಿತ್ತು, ಎಷ್ಟೋ ಕಡೆ ಊರಿಗೆಲ್ಲ ತೆರೆದಿಟ್ಟರು. 2016ರಲ್ಲಿ, ಕಾರ್ಖಾನೆಯಲ್ಲೇ ಹಾಕಿಕೊಟ್ಟ ಪಾಸ್‌ವರ್ಡುಗಳ ಪಟ್ಟಿಯೊಂದನ್ನು ಹಿಡಿದು ‘ಮಿರಾಯ್’ ಎಂಬ ಕುತಂತ್ರಾಂಶ ಲಕ್ಷಾಂತರ ಕ್ಯಾಮೆರಾ, ರೌಟರುಗಳನ್ನು ವಶಪಡಿಸಿಕೊಂಡಿತು. ಅದರ ಮೂಲ ಸಂಕೇತ ಬಹಿರಂಗವಾದ ಮೇಲೆ ಮರಿಗಳು ಹುಟ್ಟಿದವು. ಅಂಥ ಒಂದು ಮರಿ ಅದೇ ವರ್ಷದ ನವೆಂಬರ್ 27ರಂದು 7547ರ ಬಾಗಿಲು ಬಡಿಯಿತು. ಗಡಿಯಾರದ ಸಮಯ ಸರಿಪಡಿಸುವ ಸರ್ವರಿನ ಹೆಸರನ್ನು ಬರೆಯುವ ಜಾಗದಲ್ಲಿ ಅದು ಕಮಾಂಡನ್ನು ತುರುಕುತ್ತಿತ್ತು. ಜರ್ಮನಿಯ ಡಾಯ್ಚ ಟೆಲಿಕಾಮ್‌ನ ಸುಮಾರು 9 ಲಕ್ಷ ಗ್ರಾಹಕರ ಸಂಪರ್ಕ ಕಡಿಯಿತು. ಅಲ್ಲಿನ ಮೋಡೆಮುಗಳಿಗೆ ಸೋಂಕು ತಗಲಿರಲಿಲ್ಲ, ಬಡಿತದ ಭಾರಕ್ಕೇ ಕುಸಿದಿದ್ದವು.

ಎಂಟು ತಿಂಗಳ ಮೇಲೆ ಸರದಿ ಭಾರತಕ್ಕೆ ಬಂತು. 2017ರ ಜುಲೈ ಕೊನೆಯ ವಾರ ಬಿಎಸ್‌ಎನ್‌ಎಲ್ ಮತ್ತು ಎಂಟಿಎನ್‌ಎಲ್ ಗ್ರಾಹಕರ ಮೋಡೆಮುಗಳು ಒಂದೊಂದಾಗಿ ಕೈಕೊಟ್ಟವು. ಕರ್ನಾಟಕ ವೃತ್ತಕ್ಕೂ ಇದರ ಪೆಟ್ಟು ಬಿತ್ತು. ದೇಶದಲ್ಲಿ ಕೆಟ್ಟ ಮೋಡೆಮುಗಳ ಸಂಖ್ಯೆ 60,000 ದಾಟಿತೆಂದು ವರದಿಗಳು ಬಂದವು. ಬಿಎಸ್‌ಎನ್‌ಎಲ್ ತನ್ನ ಮುಖ್ಯ ಜಾಲಕ್ಕೆ ಧಕ್ಕೆಯಾಗಿಲ್ಲವೆಂದೂ, ‘ಅಡ್ಮಿನ್’ ಎಂಬ ಮೂಲ ಪಾಸ್‌ವರ್ಡನ್ನು ಬದಲಿಸದ ಮೋಡೆಮುಗಳು ತೊಂದರೆಗೆ ಸಿಕ್ಕಿವೆಯೆಂದೂ ತಿಳಿಸಿ, ಎಲ್ಲರೂ ಪಾಸ್‌ವರ್ಡ್ ಬದಲಿಸಬೇಕೆಂದು ಕೇಳಿಕೊಂಡಿತು. ಹಿಂದಿದ್ದದ್ದು ‘ಬ್ರಿಕರ್‌ಬಾಟ್’. ಅದೇ ವರ್ಷದ ಏಪ್ರಿಲಿನಲ್ಲಿ ರ‍್ಯಾಡ್‌ವೇರ್ ಸಂಸ್ಥೆ ಗುರುತಿಸಿ ಹೆಸರಿಟ್ಟಿದ್ದ ಈ ಕುತಂತ್ರಾಂಶ, ಮೂಲ ಪಾಸ್‌ವರ್ಡ್ ಬಳಸಿ ಸಾಧನದೊಳಗೆ ನುಗ್ಗಿ, ಅದರ ನೆನಪಿನ ಭಾಗವನ್ನೇ ಅಳಿಸುವ ಕಮಾಂಡುಗಳನ್ನು ಕೊಡುತ್ತಿತ್ತು. ಮೋಡೆಮಿನ ಡಬ್ಬಿ ‘ಬ್ರಿಕ್’, ಅಂದರೆ ಇಟ್ಟಿಗೆಯಾಗುತ್ತಿತ್ತು, ಹೆಸರು ಬಂದದ್ದೂ ಅದರಿಂದಲೇ. ಮಿರಾಯ್‌ನಂಥವು ವಶಪಡಿಸಿಕೊಳ್ಳುವ ಮುಂಚೆ ದುರ್ಬಲ ಸಾಧನಗಳನ್ನು ತಾನೇ ಮುಗಿಸಿ ಜಾಲವನ್ನು ಶುದ್ಧಗೊಳಿಸುತ್ತಿದ್ದೇನೆ ಎಂಬುದು ಅದನ್ನು ಬರೆದಾತನ ಸಮರ್ಥನೆ. ಒಪ್ಪಲಾಗದ ಸಮರ್ಥನೆ ಅದು. ಶುದ್ಧೀಕರಣದ ಬೆಲೆ ತೆತ್ತವರು ತಮ್ಮ ಮೋಡೆಮಿಗೆ ಆಡಳಿತ ಪುಟ ಎಂಬುದೊಂದಿದೆ ಎಂದೇ ಅರಿಯದ ಗ್ರಾಹಕರು.

ಪಾಸ್‌ವರ್ಡ್ ಬದಲಿಸದಿದ್ದದ್ದು ಗ್ರಾಹಕರ ತಪ್ಪು ಎಂದು ಆಗ ಹಲವರು ಹೇಳಿದರು. ಆ ಮಾತನ್ನು ಉತ್ತರ ಕನ್ನಡದ ಘಟ್ಟದ ಮೇಲಿನ ತಾಲ್ಲೂಕುಗಳ ಪೈಕಿ ನಾಲ್ಕರಲ್ಲಿ, ಅಂದರೆ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳಲ್ಲಿ ನಿಂತು ಒರೆಗೆ ಹಚ್ಚಿ ನೋಡಬೇಕು. ಜೋಯಿಡಾ ಹಿಂದಿನ ಸೂಪಾ ತಾಲ್ಲೂಕು. ಕಾಳಿ ನದಿಗೆ ಕಟ್ಟಿದ ಅಣೆಕಟ್ಟಿನ ನೀರಿನಲ್ಲಿ ಸೂಪಾ ಮುಳುಗಿದ ಮೇಲೆ ತಾಲ್ಲೂಕು ಕೇಂದ್ರ ಇಲ್ಲಿಗೆ ಬಂತು. ಕಾಡಿನೊಳಗಿನ ಅನೇಕ ಹಳ್ಳಿಗಳಲ್ಲಿ ಮೊಬೈಲ್ ಸಿಗ್ನಲ್‌ಗಾಗಿ ಗುಡ್ಡ ಹತ್ತಬೇಕು. ಅಂಥ ಕಡೆ ಗ್ರಾಮ ಪಂಚಾಯಿತಿಗೋ ಶಾಲೆಗೋ ಒಂದು ಸಂಪರ್ಕ ಬಂದರೆ ಅದು ನಡೆಯುತ್ತಿರುವುದೇ ದೊಡ್ಡ ಸಮಾಧಾನ. ನಡೆಯುತ್ತಿರುವ ಡಬ್ಬಿಯನ್ನು ಯಾರೂ ಮುಟ್ಟಲು ಹೋಗುವುದಿಲ್ಲ. ಫರ್ಮ್‌ವೇರ್ ಎಂಬ ಒಳತಂತ್ರಾಂಶದ ಹೊಸ ಪ್ರತಿ ಹಾಕುವಾಗ ಕರೆಂಟ್ ಹೋದರೆ ಡಬ್ಬಿ ಕೆಟ್ಟೀತು ಎಂಬ ಭಯವೂ ನಿಜವಾದದ್ದೇ, ಮಳೆಗಾಲದಲ್ಲಿ ಅಲ್ಲಿ ಕರೆಂಟ್ ಹೋಗದ ದಿನವಿಲ್ಲ.

ದಾಂಡೇಲಿಯಿಂದ ಗಣೇಶಗುಡಿಯ ಕಡೆಗೆ ಹೋಗುವ ಹಾದಿಯ ಹೋಂಸ್ಟೇಗಳಲ್ಲಿ ಇನ್ನೊಂದು ಬಗೆಯ ಗೊಂದಲ ಕಾಣಬಹುದು. ರ‍್ಯಾಫ್ಟಿಂಗಿಗೆ ಬಂದ ಅತಿಥಿಗಳು ವೈಫೈ ಕೇಳುತ್ತಾರೆ, ಮಾಲೀಕರು ಗೋಡೆಗೆ ಪಾಸ್‌ವರ್ಡ್ ಅಂಟಿಸಿರುತ್ತಾರೆ. ವೈಫೈ ಪಾಸ್‌ವರ್ಡನ್ನು ಆಗಾಗ ಬದಲಿಸುವ ಎಚ್ಚರವೂ ಕೆಲವರಿಗಿದೆ. ಆದರೆ ಅದು ಜಾಲಕ್ಕೆ ಸೇರುವ ಪಾಸ್‌ವರ್ಡ್ ಮಾತ್ರ. ರೌಟರನ್ನೇ ಆಳುವ ಪಾಸ್‌ವರ್ಡ್ ಬೇರೆ, ಅದು ಡಬ್ಬಿಯ ತಳದ ಚೀಟಿಯಲ್ಲಿ ಅಚ್ಚಾಗಿರುತ್ತದೆ. ಜಾಲಕ್ಕೆ ಸೇರಿದ ಯಾವ ಅತಿಥಿಯೂ ತನ್ನ ಫೋನಿನಿಂದ ಆಡಳಿತ ಪುಟ ತೆರೆಯಬಲ್ಲ. ಈ ಎರಡು ಪಾಸ್‌ವರ್ಡುಗಳ ವ್ಯತ್ಯಾಸವನ್ನು ಹೇಳಿಕೊಡದೆ ಡಬ್ಬಿ ಮಾರಿದವರು, ಒಂದೇ ಪಾಸ್‌ವರ್ಡಿನಲ್ಲಿ ಲಕ್ಷಗಟ್ಟಲೆ ಡಬ್ಬಿ ತಯಾರಿಸಿದವರು, 7547ನ್ನು ತೆರೆದಿಟ್ಟವರು ಇರುವಾಗ ಹೊಣೆಯನ್ನು ಗ್ರಾಹಕರ ತಲೆಗೆ ಕಟ್ಟುವುದು ನ್ಯಾಯವಲ್ಲ.

ದೊಡ್ಡ ಸಂಸ್ಥೆಗಳ ಸಾಧನಗಳೂ ಇದೇ ದಾರಿ ಹಿಡಿದವು. 2020ರ ಜುಲೈನಲ್ಲಿ ಎಫ್5 ಕಂಪನಿಯ ಬಿಗ್-ಐಪಿ ಸಾಧನಗಳ ಆಡಳಿತ ಪುಟದಲ್ಲಿ ಹತ್ತಕ್ಕೆ ಹತ್ತು ತೀವ್ರತೆಯ ದೋಷ ಹೊರಬಿತ್ತು. ವಿಳಾಸದ ನಡುವೆ ಎರಡು ಚುಕ್ಕಿ ಮತ್ತು ಒಂದು ಅರ್ಧವಿರಾಮ ಹಾಕಿದರೆ ಲಾಗಿನ್ ಪುಟ ಬದಿಗೆ ಸರಿಯುತ್ತಿತ್ತು. 2023ರ ಅಕ್ಟೋಬರಿನಲ್ಲಿ ಸಿಸ್ಕೊ ಐಒಎಸ್ ಎಕ್ಸ್‌ಇಯ ವೆಬ್ ಪುಟದ ಮೂಲಕ ಹತ್ತಾರು ಸಾವಿರ ಸಾಧನಗಳು ಪರರ ವಶವಾದವು. 2024ರ ನವೆಂಬರಿನಲ್ಲಿ ಪಾಲೊ ಆಲ್ಟೊ ಕಂಪನಿಯ ಫೈರ್‌ವಾಲುಗಳಲ್ಲಿ ಕಂಡದ್ದು ಇನ್ನೂ ವಿಚಿತ್ರ: ಕೋರಿಕೆಯ ಜೊತೆಗೆ ‘ಗುರುತಿನ ಪರಿಶೀಲನೆ ಬೇಡ’ ಎಂಬ ಸೂಚನೆಯನ್ನು ಬಂದವನೇ ಸೇರಿಸಿ ಕಳಿಸಿದರೆ ಸಾಧನ ಒಪ್ಪಿಕೊಳ್ಳುತ್ತಿತ್ತು.

ಭಾರತದ ಮಟ್ಟಿಗೆ ಹತ್ತಿರದ ಹೆಸರು ಸೈಬರೋಮ್. ಅಹಮದಾಬಾದಿನಲ್ಲಿ ಹುಟ್ಟಿದ ಈ ಫೈರ್‌ವಾಲಿನ ಲಾಗಿನ್ ಪುಟವನ್ನು ನಮ್ಮ ಕಾಲೇಜುಗಳಲ್ಲಿ ಓದಿದ ಒಂದು ತಲೆಮಾರು ಮರೆಯಲಾರದು. 2014ರಲ್ಲಿ ಬ್ರಿಟನ್ನಿನ ಸೋಫೊಸ್ ಕಂಪನಿ ಅದನ್ನು ಕೊಂಡಿತು. 2019 ಮತ್ತು 2020ರಲ್ಲಿ ಸೈಬರೋಮ್ ಸಾಧನಗಳಲ್ಲಿ ಗಂಭೀರ ದೋಷಗಳು ಸಿಕ್ಕವು. 2020ರ ಏಪ್ರಿಲಿನಲ್ಲಿ ಸೋಫೊಸ್‌ನ ಸ್ವಂತ ಫೈರ್‌ವಾಲುಗಳ ಮೇಲೆ ದೊಡ್ಡ ದಾಳಿ ನಡೆಯಿತು. ಸುಮಾರು 81,000 ಸಾಧನಗಳನ್ನು ಗುರಿಮಾಡಿದ ಆರೋಪದ ಮೇಲೆ ಅಮೆರಿಕ 2024ರ ಡಿಸೆಂಬರಿನಲ್ಲಿ ಚೀನಾದ ಪ್ರಜೆಯೊಬ್ಬನ ವಿರುದ್ಧ ಮೊಕದ್ದಮೆಯ ವಿವರ ಪ್ರಕಟಿಸಿತು. ಆ ದಾಳಿಯಲ್ಲಿ ಗಮನಿಸಬೇಕಾದ ಅಂಶ ಬೇರೆಯಿದೆ. ಕೆಲವೇ ದಿನಗಳಲ್ಲಿ ಕಂಪನಿ ತಿದ್ದುಪಡಿಯನ್ನು ತಾನಾಗಿಯೇ ಸಾಧನಗಳಿಗೆ ತಲುಪಿಸಿತು, ಯಾರೂ ಪುಟ ತೆರೆದು ಗುಂಡಿ ಒತ್ತಬೇಕಾಗಿರಲಿಲ್ಲ. 2005ರ ರಾಮ್‌ಪೇಜರ್ ತಿದ್ದುಪಡಿಗೆ ಇಲ್ಲದ ಕಾಲು ಇದಕ್ಕಿತ್ತು.

ಮುಂಡಗೋಡಿನವರಿಗೆ ಇಂಥ ಸುದ್ದಿ ಕೇವಲ ತಂತ್ರಜ್ಞರ ವಿಷಯವಾಗಿ ಉಳಿಯುವಂಥದಲ್ಲ. 1966ರಿಂದ ಇಲ್ಲಿ ಟಿಬೆಟನ್ನರ ನೆಲೆಯಿದೆ, ಡ್ರೆಪುಂಗ್ ಮತ್ತು ಗಾಂಡೆನ್ ಮಠಗಳಿವೆ. 2009ರ ಮಾರ್ಚ್‌ನಲ್ಲಿ ಬಯಲಾದ ‘ಘೋಸ್ಟ್‌ನೆಟ್’ ಬೇಹುಗಾರಿಕೆ 103 ದೇಶಗಳ 1,295 ಕಂಪ್ಯೂಟರುಗಳಿಗೆ ಹಬ್ಬಿತ್ತು, ಅದರ ತನಿಖೆ ಶುರುವಾದದ್ದೇ ಟಿಬೆಟನ್ನರ ಸಂಸ್ಥೆಗಳ ಕಂಪ್ಯೂಟರುಗಳಿಂದ. ಆಗ ಬಾಗಿಲಾದದ್ದು ಇ-ಮೇಲಿನ ಲಗತ್ತು. ಈಗ ಬೇಹುಗಾರರು ಮನೆಬಳಕೆಯ ರೌಟರುಗಳನ್ನೇ ವಶಪಡಿಸಿಕೊಂಡು, ಅವುಗಳ ಮರೆಯಿಂದ ಬೇರೆಡೆಗೆ ದಾಳಿ ಮಾಡುವುದು ಹೆಚ್ಚಾಗಿದೆ.

ಸರ್ಕಾರಗಳು ಎಚ್ಚೆತ್ತದ್ದು ನಿಧಾನವಾಗಿ. ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ 2023ರ ಜೂನ್‌ನಲ್ಲಿ, ಅಂತರ್ಜಾಲಕ್ಕೆ ತೆರೆದುಕೊಂಡ ಆಡಳಿತ ಪುಟಗಳನ್ನು ಪತ್ತೆಯಾದ 14 ದಿನಗಳೊಳಗೆ ಮರೆಗೆ ತರಬೇಕೆಂದು ಅಲ್ಲಿನ ಇಲಾಖೆಗಳಿಗೆ ಆದೇಶಿಸಿತು. ಎಲ್ಲ ಡಬ್ಬಿಗೂ ಒಂದೇ ಸುಲಭ ಪಾಸ್‌ವರ್ಡ್ ಹಾಕಿ ಮಾರುವುದನ್ನು ಬ್ರಿಟನ್ 2024ರ ಏಪ್ರಿಲಿನಿಂದ ಕಾನೂನಿನ ಮೂಲಕ ತಡೆಯಿತು. ಭಾರತದಲ್ಲಿ 2004ರಿಂದ ಕೆಲಸ ಮಾಡುತ್ತಿರುವ ಸೈಬರ್ ತುರ್ತು ಸ್ಪಂದನೆಯ ಸಂಸ್ಥೆ ಸರ್ಟ್-ಇನ್, 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಸೈಬರ್ ಘಟನೆಗಳನ್ನು ತಿಳಿದ 6 ಗಂಟೆಯೊಳಗೆ ವರದಿ ಮಾಡಬೇಕೆಂದು ವಿಧಿಸಿತು. ದೂರಸಂಪರ್ಕ ಇಲಾಖೆಯ ರಾಷ್ಟ್ರೀಯ ಸಂವಹನ ಭದ್ರತಾ ಕೇಂದ್ರ ಬೆಂಗಳೂರಿನಲ್ಲಿದ್ದು, ರೌಟರ್ ಮತ್ತು ವೈಫೈ ಸಾಧನಗಳಿಗೆ ಭದ್ರತಾ ಮಾನದಂಡಗಳನ್ನು ರೂಪಿಸಿದೆ. ಇವೆಲ್ಲ ಹೊಸದಾಗಿ ಮಾರುಕಟ್ಟೆಗೆ ಬರುವ ಡಬ್ಬಿಗಳಿಗೆ ನೆರವಾಗುತ್ತವೆ. ಈಗಾಗಲೇ ಗೋಡೆಯ ಮೇಲಿರುವ ಡಬ್ಬಿಯನ್ನು ಯಾರಾದರೂ ಕೆಳಗಿಳಿಸಿ ನೋಡಲೇಬೇಕು.

ಪಂಚಾಯಿತಿ, ಶಾಲೆ, ಸೊಸೈಟಿ, ಹೋಂಸ್ಟೇ ನಡೆಸುವವರಲ್ಲಿ ಒಂದು ವಿನಂತಿ. ಸ್ಟಾಕ್ ರಿಜಿಸ್ಟರಿನಲ್ಲಿ ಕುರ್ಚಿ ಮೇಜುಗಳ ಸಾಲಿನ ಕೆಳಗೆ ಮೋಡೆಮಿಗೂ ಒಂದು ಸಾಲು ಇಡಿ. ತಳದ ಚೀಟಿಯಲ್ಲಿರುವ ಮಾದರಿ ಸಂಖ್ಯೆ, ಆಡಳಿತ ಪಾಸ್‌ವರ್ಡ್ ಬದಲಿಸಿದ ದಿನ, ಫರ್ಮ್‌ವೇರ್ ಕೊನೆಯ ಬಾರಿ ಹಾಕಿದ ದಿನ, ‘ರಿಮೋಟ್ ಮ್ಯಾನೇಜ್‌ಮೆಂಟ್’ ಮುಚ್ಚಿದೆಯೇ ಇಲ್ಲವೇ ಎಂಬ ನಾಲ್ಕು ಸಂಗತಿಗಳನ್ನು ಬರೆದಿಡಿ. ಆ ಮಾದರಿಗೆ ಕಂಪನಿ ಫರ್ಮ್‌ವೇರ್ ಕೊಡುವುದನ್ನು ನಿಲ್ಲಿಸಿದ್ದರೆ, ಡಬ್ಬಿ ಚೆನ್ನಾಗಿಯೇ ನಡೆಯುತ್ತಿದ್ದರೂ ಮುಂದಿನ ಖರೀದಿಯಲ್ಲಿ ಅದನ್ನು ಬದಲಿಸಿ.