ತವರಿನ ಹಾದಿ, ಕಾರಿನ ಕಾಗದ

ತುರ್ಕಿ ಭಾಷೆಯಲ್ಲಿ ‘ಗುರ್ಬೆತ್’ ಮತ್ತು ‘ಸಿಲಾ’ ಎಂಬ ಎರಡು ಪದಗಳಿವೆ. ಎರಡೂ ಅರಬಿ ಮೂಲದವು. ಗುರ್ಬೆತ್ ಎಂದರೆ ಪರದೇಶವಾಸ. ಸಿಲಾ ಎಂದರೆ ಬಿಟ್ಟುಬಂದ ಊರು, ಅಲ್ಲಿಗೆ ಮರಳಿ ತನ್ನವರನ್ನು ಕೂಡಿಕೊಳ್ಳುವುದು. ರಕ್ತಸಂಬಂಧವನ್ನು ಕಾಪಾಡಿಕೊಳ್ಳುವುದನ್ನು ಮುಸ್ಲಿಮರು ‘ಸಿಲತುರ್ರಹಿಮ್’ ಎನ್ನುತ್ತಾರಲ್ಲ, ಅದೇ ಸಿಲಾ. ಜರ್ಮನಿಯಲ್ಲಿ ದುಡಿಯುವ ತುರ್ಕರು ಬೇಸಿಗೆ ರಜೆಯಲ್ಲಿ ಕಾರು ಓಡಿಸಿಕೊಂಡು ಊರಿಗೆ ಹೋಗುವ ಹೆದ್ದಾರಿಗೆ ‘ಸಿಲಾ ಯೋಲು’, ಅಂದರೆ ತವರಿನ ಹಾದಿ ಎಂದೇ ಹೆಸರು. ಈ ಹಾದಿಯ ವಿರಹ, ಹಂಬಲಗಳ ಬಗ್ಗೆ ಹಾಡುಗಳಿವೆ, ಸಿನಿಮಾಗಳಿವೆ. ಆದರೆ ಆ ಕಾರಿನೊಳಗಿದ್ದ ಕಾಗದಗಳ ಕಡೆಗೆ ನಮ್ಮ ಗಮನ ಹೋಗುವುದು ಕಡಿಮೆ. ವಲಸೆಗಾರನ ನಿಜವಾದ ಸ್ಥಿತಿಯನ್ನು ಅರಿಯಲು ಆ ಕಾಗದಗಳನ್ನೂ ಓದಬೇಕು.

ಎರಡನೆಯ ಮಹಾಯುದ್ಧದ ನಂತರ ಚೇತರಿಸಿಕೊಂಡ ಪಶ್ಚಿಮ ಜರ್ಮನಿಯ ಕಾರ್ಖಾನೆಗಳಿಗೆ ಕೈಗಳು ಸಾಲದಾದವು. 1961ರ ಅಕ್ಟೋಬರ್ 30ರಂದು ಅದು ತುರ್ಕಿಯೊಂದಿಗೆ ಕಾರ್ಮಿಕರ ನೇಮಕಾತಿ ಒಪ್ಪಂದ ಮಾಡಿಕೊಂಡಿತು. ಇಸ್ತಾಂಬುಲಿನ ನೇಮಕಾತಿ ಕಚೇರಿಯಲ್ಲಿ ವೈದ್ಯಕೀಯ ಪರೀಕ್ಷೆ ಪಾಸಾದವರು ರೈಲು ಹತ್ತಿ ಮ್ಯೂನಿಕ್ ನಿಲ್ದಾಣದಲ್ಲಿ ಇಳಿದರು. ಜರ್ಮನರು ಅವರಿಗಿಟ್ಟ ಹೆಸರು ‘ಗಾಸ್ಟ್ ಆರ್ಬೈಟರ್’, ಅಂದರೆ ಅತಿಥಿ ಕಾರ್ಮಿಕರು. ಎರಡು ವರ್ಷ ದುಡಿದು ನಾಲ್ಕು ಕಾಸು ಕೂಡಿಟ್ಟು ಮರಳುವುದು ಎಂಬ ಲೆಕ್ಕ ಎರಡೂ ಕಡೆ ಇತ್ತು. ಅತಿಥಿ ಎಂಬ ಪದದಲ್ಲೇ ‘ಒಂದು ದಿನ ಹೊರಡಬೇಕಾದವನು’ ಎಂಬ ಅರ್ಥ ಅಡಗಿತ್ತು.

ರೈಲಿನಲ್ಲಿ ಬಂದವರು ಕೆಲವೇ ವರ್ಷಗಳಲ್ಲಿ ಕಾರಿನಲ್ಲಿ ಊರಿಗೆ ಹೊರಟರು. ಮನೆಮಂದಿಗೆಲ್ಲ ರೈಲಿನ ಟಿಕೇಟು ಕೊಳ್ಳುವುದಕ್ಕಿಂತ ಹಳೆಯದೊಂದು ಕಾರು ಅಗ್ಗ. ಅಮ್ಮನಿಗೆ ಹೊಲಿಗೆ ಯಂತ್ರ, ತಂಗಿಗೆ ಬಟ್ಟೆಬರೆ, ನೆಂಟರಿಷ್ಟರಿಗೆ ಉಡುಗೊರೆ, ಎಲ್ಲವನ್ನೂ ಕಾರಿನ ಮೇಲೆ ಬಿಗಿಯಬಹುದು. ಜೊತೆಗೆ, ಪರದೇಶದಲ್ಲಿ ಪಟ್ಟ ಪಾಡು ವ್ಯರ್ಥವಾಗಲಿಲ್ಲ ಎಂಬುದಕ್ಕೆ ಆ ಕಾರೇ ಸಾಕ್ಷಿ. ಕೊಲೋನ್ ನಗರದ ಫೋರ್ಡ್ ಕಾರ್ಖಾನೆಯಲ್ಲಿ ಸಾವಿರಾರು ತುರ್ಕರು ದುಡಿಯುತ್ತಿದ್ದರು. ಫೋರ್ಡ್ ಟ್ರಾನ್ಸಿಟ್ ವ್ಯಾನು ಈ ಹಾದಿಯ ಗುರುತೇ ಆಗಿಹೋಯಿತು.

ಮ್ಯೂನಿಕ್‌ನಿಂದ ಇಸ್ತಾಂಬುಲಿಗೆ ಸುಮಾರು 1,900 ಕಿಲೋಮೀಟರ್. ಆಸ್ಟ್ರಿಯಾ, ಅಂದಿನ ಯುಗೊಸ್ಲಾವಿಯಾ, ಬಲ್ಗೇರಿಯಾ ದಾಟಿ ಎದಿರ್ನೆ ಬಳಿಯ ಕಾಪಿಕುಲೆ ಗಡಿಠಾಣೆ ಸೇರಬೇಕು. ಪ್ರತಿ ಗಡಿಯಲ್ಲೂ ಎರಡು ತಪಾಸಣೆ: ಒಂದು ಮನುಷ್ಯನದು, ಇನ್ನೊಂದು ಕಾರಿನದು. ಮನುಷ್ಯನಿಗೆ ಪಾಸ್‌ಪೋರ್ಟ್, ಬಲ್ಗೇರಿಯಾ ಹಾಯಲು ವೀಸಾ, ಮರಳಿ ಜರ್ಮನಿಗೆ ಹೋಗಲು ಅಲ್ಲಿನ ವಾಸದ ಪರವಾನಗಿ. ಕಾರಿಗೆ ನೋಂದಣಿ ಪತ್ರ ಮತ್ತು ವಿಮೆ. ಕಾರು ಅಣ್ಣನ ಹೆಸರಿನಲ್ಲಿದ್ದರೆ ಅವನು ಬರೆದುಕೊಟ್ಟ ಅಧಿಕಾರಪತ್ರವೂ ಬೇಕು. ತುರ್ಕಿಯಲ್ಲಿ ಅದಕ್ಕೆ ‘ವೆಕಾಲೆತ್‌ನಾಮೆ’ ಎನ್ನುತ್ತಾರೆ. ನಮ್ಮ ಕೋರ್ಟುಗಳ ವಕಾಲತ್ತಿಗೆ ಅದು ಒಡಹುಟ್ಟು.

ವಿಮೆಯ ಕಾಗದಕ್ಕೆ ಅದರದೇ ಇತಿಹಾಸವಿದೆ. ಒಂದು ದೇಶದ ಕಾರು ಇನ್ನೊಂದು ದೇಶದಲ್ಲಿ ಯಾರಿಗಾದರೂ ಡಿಕ್ಕಿ ಹೊಡೆದರೆ ಪರಿಹಾರ ಕೊಡುವವರು ಯಾರು? ಈ ಪ್ರಶ್ನೆಗೆ ಉತ್ತರವಾಗಿ ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ ಶಿಫಾರಸಿನಂತೆ 1953ರಲ್ಲಿ ‘ಹಸಿರು ಕಾರ್ಡ್’ ಜಾರಿಗೆ ಬಂತು. ಅದರ ಮೇಲೆ ದೇಶಗಳ ಸಂಕೇತಾಕ್ಷರಗಳಿರುತ್ತವೆ. ಯಾವ ದೇಶದ ಅಕ್ಷರಕ್ಕೆ ಗೀಟು ಬಿದ್ದಿದೆಯೋ ಅಲ್ಲಿ ವಿಮೆ ಇಲ್ಲ. ತುರ್ಕಿಗೆ ಹೋಗುವವನಿಗೆ ಇನ್ನೊಂದು ತೊಡಕು. ಆ ದೇಶ ಎರಡು ಖಂಡಗಳಲ್ಲಿ ಹರಡಿದೆ. ಯುರೋಪಿಗೆ ಮಾತ್ರ ಸೀಮಿತವಾದ ವಿಮೆ ಬಾಸ್ಫರಸ್ ಜಲಸಂಧಿಯ ದಡದಲ್ಲೇ ಮುಗಿಯುತ್ತದೆ. ಆದರೆ ಬಹುಪಾಲು ಕಾರ್ಮಿಕರ ಊರು ಇದ್ದದ್ದು ಆಚೆಯ ಅನಟೋಲಿಯಾದಲ್ಲಿ.

ಎಲ್ಲಕ್ಕಿಂತ ಕಠಿಣವಾದದ್ದು ಸುಂಕದ ನಿಯಮ. ಹೊರದೇಶದ ಕಾರು ಒಳಗೆ ಬಂದರೆ ಅದು ಆಮದು. ಆಮದಿಗೆ ಸುಂಕ ತೆರಬೇಕು. ಪ್ರವಾಸಿಗರಿಗಾಗಿ ಇದಕ್ಕೊಂದು ವಿನಾಯಿತಿ ರೂಪುಗೊಂಡಿತು. ಕಾರು ಮರಳಿ ಹೋಗುತ್ತದೆ ಎಂಬ ಭರವಸೆಯ ಮೇಲೆ ಸುಂಕವಿಲ್ಲದೆ ಒಳಬಿಡುವ ಇದನ್ನು ‘ತಾತ್ಕಾಲಿಕ ಆಮದು’ ಎನ್ನುತ್ತಾರೆ. 1954ರಲ್ಲಿ ನ್ಯೂಯಾರ್ಕಿನಲ್ಲಿ ಖಾಸಗಿ ವಾಹನಗಳ ಕುರಿತಾದ ಒಪ್ಪಂದವಾಯಿತು. 1990ರಲ್ಲಿ ಇಂತಹ ವಿನಾಯಿತಿಗಳನ್ನೆಲ್ಲ ಒಂದುಗೂಡಿಸಿದ ಒಪ್ಪಂದಕ್ಕೆ ಸಹಿ ಬಿದ್ದದ್ದು ಇಸ್ತಾಂಬುಲಿನಲ್ಲೇ.

ಈ ನಿಯಮ ಮಾಲೀಕನ ಹುಟ್ಟೂರನ್ನು ಕೇಳುವುದಿಲ್ಲ, ತಾಯಿ ಎಲ್ಲಿದ್ದಾಳೆಂದೂ ಕೇಳುವುದಿಲ್ಲ. ‘ನೀನು ವಾಸವಾಗಿರುವುದು ಎಲ್ಲಿ?’ ಎಂದಷ್ಟೇ ಕೇಳುತ್ತದೆ. ದಶಕಗಳ ಕಾಲ ತುರ್ಕಿಯ ಗಡಿಯಲ್ಲಿ ಕಾರಿನ ವಿವರವನ್ನು ಮಾಲೀಕನ ಪಾಸ್‌ಪೋರ್ಟಿನಲ್ಲೇ ಬರೆಯುತ್ತಿದ್ದರು. ಕಾರು ಬಿಟ್ಟು ಅವನು ದೇಶದಿಂದ ಹೊರಡುವಂತಿರಲಿಲ್ಲ. ತುರ್ತಾಗಿ ವಿಮಾನದಲ್ಲಿ ಮರಳಬೇಕಾದರೆ ಮೊದಲು ಕಾರನ್ನು ಸುಂಕದವರ ವಶಕ್ಕೆ ಒಪ್ಪಿಸಬೇಕು. ಅಪಘಾತದಲ್ಲಿ ಕಾರು ನಜ್ಜುಗುಜ್ಜಾದರೂ ಅದರ ಲೆಕ್ಕ ಒಪ್ಪಿಸಿಯೇ ಬಿಡುಗಡೆ. ತನ್ನ ಹಳ್ಳಿಯಲ್ಲಿ ತಮ್ಮನ ಕೈಗೆ ಕೀಲಿ ಕೊಟ್ಟು ‘ಒಂದು ಸುತ್ತು ಹೋಗಿ ಬಾ’ ಎನ್ನುವುದಕ್ಕೂ ಕಾನೂನಿನ ಭಯ. ಜರ್ಮನಿಯಲ್ಲಿ ಅತಿಥಿ ಎನಿಸಿಕೊಂಡವನು ತವರಿನ ಹೊಸ್ತಿಲಲ್ಲೂ ಕಾಗದದ ಮಟ್ಟಿಗೆ ಅತಿಥಿಯೇ ಆದ. ಊರಿನವರೂ ಅವನನ್ನು ‘ಅಲ್ಮಾಂಜಿ’, ಅಂದರೆ ಜರ್ಮನಿಯವನು ಎಂದು ಕರೆಯತೊಡಗಿದರು.

1973ರಲ್ಲಿ ಜರ್ಮನಿ ಹೊಸ ನೇಮಕಾತಿ ನಿಲ್ಲಿಸಿತು. ಹತ್ತು ವರ್ಷಗಳ ನಂತರ, ನಿರುದ್ಯೋಗ ಹೆಚ್ಚಿದಾಗ, ಅಲ್ಲಿನ ಸರಕಾರ ಕಾನೂನೊಂದನ್ನು ತಂದು, ಕೆಲಸ ಕಳೆದುಕೊಂಡು ಕುಟುಂಬಸಮೇತ ಶಾಶ್ವತವಾಗಿ ಮರಳುವ ಕಾರ್ಮಿಕನಿಗೆ 10,500 ಮಾರ್ಕ್, ಪ್ರತಿ ಮಗುವಿಗೆ 1,500 ಮಾರ್ಕ್ ಕೊಡುವುದಾಗಿ ಹೇಳಿತು. ಹಣ ಪಡೆದು ಹೊರಟವರಿಗೆ ಮತ್ತೆ ಕೆಲಸಕ್ಕೆಂದು ಬರುವ ದಾರಿ ಮುಚ್ಚಿತು. ಹೀಗೆ ಹೊರಟವನ ಕಾರು ಇನ್ನು ‘ತಾತ್ಕಾಲಿಕ’ ಅಲ್ಲ. ವರ್ಷಕ್ಕೊಮ್ಮೆ ಬರುವಾಗ ಸರಾಗವಾಗಿ ದಾಟುತ್ತಿದ್ದ ಅದೇ ಕಾರು, ಅವನು ನಿಜವಾಗಿಯೂ ಮನೆಗೆ ಮರಳಿದ ದಿನ ಸುಂಕದ ಸರಕಾಗುತ್ತಿತ್ತು.

ಇದೇ ಕಾಪಿಕುಲೆ 1989ರಲ್ಲಿ ಬೇರೊಂದು ಮೆರವಣಿಗೆಯನ್ನು ಕಂಡಿತು. ಬಲ್ಗೇರಿಯಾದ ಕಮ್ಯೂನಿಸ್ಟ್ ಸರಕಾರ 1984-85ರಲ್ಲಿ ಅಲ್ಲಿನ ತುರ್ಕಿ ಮುಸ್ಲಿಮರ ಹೆಸರುಗಳನ್ನು ಬಲವಂತವಾಗಿ ಬದಲಿಸಿತ್ತು. 1989ರ ಬೇಸಿಗೆಯಲ್ಲಿ ಗಡಿ ತೆರೆದಾಗ ಮೂರು ಲಕ್ಷಕ್ಕೂ ಹೆಚ್ಚು ಜನ, ಲಾಡಾ, ಮಾಸ್ಕ್‌ವಿಚ್ ಕಾರುಗಳ ಮೇಲೆ ಹಾಸಿಗೆ, ಪಾತ್ರೆಗಳನ್ನು ಹೇರಿಕೊಂಡು ಬಂದರು. ಅವರ ಪಾಸ್‌ಪೋರ್ಟಿನಲ್ಲಿದ್ದದ್ದು ಅವರದಲ್ಲದ ಹೆಸರು. ಕಾಗದದ ಪ್ರಕಾರ ಅವರು ಪ್ರವಾಸಿಗರು. ಹಾಗಾಗಿಯೇ ಆ ವಲಸೆಗೆ ‘ದೊಡ್ಡ ಪ್ರವಾಸ’ ಎಂಬ ಕಹಿಯಾದ ಹೆಸರು ಉಳಿದಿದೆ.

1991ರಲ್ಲಿ ಯುಗೊಸ್ಲಾವಿಯಾ ಒಡೆದು ಯುದ್ಧ ಹತ್ತಿದಾಗ ಹಳೆಯ ಹಾದಿ ಕಡಿಯಿತು. ಜನ ಹಂಗೆರಿ, ರೊಮೇನಿಯಾ ಸುತ್ತಿ ಬಂದರು. ಇಟಲಿಯಿಂದ ಹಡಗಿಗೆ ಕಾರು ಹತ್ತಿಸಿದರು. ಒಂದು ದೇಶವಿದ್ದಲ್ಲಿ ಹಲವು ದೇಶಗಳಾದವು. ಗಡಿಗಳು ಹೆಚ್ಚಾದವು, ಮುದ್ರೆಗಳೂ ಹೆಚ್ಚಾದವು. ಈಗ ತುರ್ಕಿಯ ನಿಯಮ ಸಡಿಲಗೊಂಡಿದೆ. ಹಿಂದಿನ ಒಂದು ವರ್ಷದಲ್ಲಿ ಕನಿಷ್ಠ 185 ದಿನ ಹೊರದೇಶದಲ್ಲಿ ವಾಸವಿದ್ದವರು ಕಾರನ್ನು ಎರಡು ವರ್ಷದವರೆಗೆ ಇಟ್ಟುಕೊಳ್ಳಬಹುದು. 2024ರಿಂದ ಜರ್ಮನಿಯೂ ಎರಡು ಪೌರತ್ವಗಳನ್ನು ಒಪ್ಪಿಕೊಂಡಿದೆ. ಮನುಷ್ಯನಿಗೆ ಎರಡು ಪಾಸ್‌ಪೋರ್ಟ್ ಸಾಧ್ಯವಾಗಿದೆ. ಕಾರಿಗೆ ಮಾತ್ರ ಇಂದಿಗೂ ಒಂದೇ ನಂಬರು.

ಇದು ನಮಗೆ ದೂರದ ಕಥೆಯಲ್ಲ. ಕೊಲ್ಲಿ ದೇಶದಲ್ಲಿ ನೋಂದಣಿಯಾದ ಕಾರನ್ನು ಸುಂಕವಿಲ್ಲದೆ ತಾತ್ಕಾಲಿಕವಾಗಿ ಭಾರತಕ್ಕೆ ತರಬೇಕಾದರೆ ‘ಕಾರ್ನೆ’ ಎಂಬ ಖಾತರಿ ಪುಸ್ತಕ ಬೇಕು. ಕಾರು ಮರಳದಿದ್ದರೆ ಸುಂಕ ಕಟ್ಟಿಕೊಡುತ್ತೇವೆಂದು ಮೋಟಾರು ಸಂಘವೊಂದು ಕೊಡುವ ಜಾಮೀನು ಅದು. ಅಷ್ಟೇಕೆ, ನಮ್ಮ 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಮುಂಬಯಿಯಲ್ಲಿ ನೋಂದಣಿಯಾದ ಕಾರು ಕರ್ನಾಟಕದಲ್ಲಿ ಹನ್ನೆರಡು ತಿಂಗಳು ಮೀರಿ ಉಳಿದರೆ ಹೊಸ ನಂಬರು ಪಡೆಯಬೇಕು. ಬದುಕು ಕಟ್ಟಲು ಊರು ಬಿಟ್ಟ ಕರಾವಳಿಯ ಮಂದಿಗೆ ಆರ್‌ಟಿಓ ಕಚೇರಿಯ ಬಾಗಿಲು ಹೊಸದೇನಲ್ಲ.

ಕಾಗದವನ್ನು ಬರೀ ಶತ್ರುವೆಂದು ಕಾಣುವುದು ಸರಿಯಲ್ಲ. ಹಸಿರು ಕಾರ್ಡ್ ಇಲ್ಲದಿದ್ದರೆ ಪರದೇಶದ ಕಾರಿಗೆ ಸಿಕ್ಕಿ ಗಾಯಗೊಂಡ ರೈತನಿಗೆ ಪರಿಹಾರ ಸಿಗುತ್ತಿರಲಿಲ್ಲ. ತಾತ್ಕಾಲಿಕ ಆಮದಿನ ಅವಕಾಶವಿಲ್ಲದಿದ್ದರೆ ಆ ಕಾರ್ಮಿಕನ ಕಾರು ಗಡಿಯನ್ನೇ ದಾಟುತ್ತಿರಲಿಲ್ಲ. ಆದರೆ ಈ ನಿಯಮಗಳನ್ನು ಬರೆದವರ ಕಣ್ಣಮುಂದಿದ್ದದ್ದು ರಜೆ ಕಳೆಯಲು ಬರುವ ಪ್ರವಾಸಿ. ಎರಡು ದೇಶಗಳಲ್ಲಿ ಬದುಕು ಹಂಚಿಕೊಂಡ ದುಡಿಮೆಗಾರ ಅವರ ಲೆಕ್ಕದಲ್ಲಿ ಇರಲಿಲ್ಲ. ಅವನನ್ನು ಲೆಕ್ಕಕ್ಕೆ ತರಲು ಕಾನೂನು ಅರ್ಧ ಶತಮಾನ ತೆಗೆದುಕೊಂಡಿತು. ಅಷ್ಟರಲ್ಲಿ ಮೊದಲ ತಲೆಮಾರಿನ ಅನೇಕರು ತವರಿನ ಮಣ್ಣು ಸೇರಿಯಾಗಿತ್ತು.