ವಿಷ ಇದ್ದದ್ದು ಮಣ್ಣಿನಲ್ಲಿ

2020ರ ಏಪ್ರಿಲ್ ನೆನಪಿದೆಯಲ್ಲ? ಕಾಲೇಜು ಮುಚ್ಚಿತ್ತು, ಬೀದಿ ಖಾಲಿ, ಹಾಲಿನ ಪ್ಯಾಕೆಟ್ ತರೋಕೆ ಹೋದರೂ ಮುಖಕ್ಕೆ ಮಾಸ್ಕ್. ಯುಗಾದಿಗೆ ಅಂತ ನಾಲ್ಕು ದಿನ ಮೊದಲೇ ಬಂದಿದ್ದ ಅಕ್ಕ ಲಾಕ್‌ಡೌನ್ ಆಗಿ ನಮ್ಮ ಮನೆಯಲ್ಲೇ ಉಳಿದುಬಿಟ್ಟಿದ್ದಳು. ಅವಳ ಮಗಳಿಗೆ ಆಗ ಹನ್ನೆರಡು ವರ್ಷ. ಒಂದು ಸಂಜೆ ಅವಳು ನೆಟ್‌ಫ್ಲಿಕ್ಸ್ ತೆಗೆದು, "ಮಾಮಾ, ಇದರಲ್ಲೂ ಎಲ್ಲರೂ ಮಾಸ್ಕ್ ಹಾಕ್ಕೊಂಡಿದಾರೆ, ನೋಡು ಬಾ" ಅಂದಳು. ಹಯಾವೊ ಮಿಯಾಜಾಕಿಯ 'ನೌಸಿಕಾ ಆಫ್ ದಿ ವ್ಯಾಲಿ ಆಫ್ ದಿ ವಿಂಡ್' ಆ ಮಾರ್ಚ್‌ನಲ್ಲಷ್ಟೇ ನಮ್ಮಲ್ಲಿಗೆ ಬಂದಿತ್ತು. ಕಾರ್ಟೂನ್ ತಾನೆ, ಅರ್ಧ ಗಂಟೆ ನೋಡಿ ಎದ್ದರಾಯಿತು ಅಂತ ಕೂತವನು ಎರಡು ಗಂಟೆ ಕದಲಲಿಲ್ಲ. ಅಷ್ಟೇ ಅಲ್ಲ, ಮುಂದಿನ ವಾರ ಅದೇ ಸಿನಿಮಾ ಇಟ್ಟುಕೊಂಡು ನನ್ನ ವಿದ್ಯಾರ್ಥಿಗಳಿಗೆ ಒಂದು ತಪ್ಪು ಪಾಠವನ್ನೂ ಮಾಡಿದೆ. ಆ ತಪ್ಪಿನ ಕಥೆ ಹೇಳೋಕೇ ಈ ಬರಹ.

ಸಿನಿಮಾ ನೋಡದವರಿಗಾಗಿ ಸ್ವಲ್ಪದರಲ್ಲಿ ಹೇಳಿಬಿಡ್ತೀನಿ. 'ಬೆಂಕಿಯ ಏಳು ದಿನ' ಎಂಬ ಮಹಾಯುದ್ಧದಲ್ಲಿ ಕೈಗಾರಿಕಾ ನಾಗರಿಕತೆ ಸುಟ್ಟುಹೋಗಿ ಸಾವಿರ ವರ್ಷವಾಗಿದೆ. ಭೂಮಿಯ ಮೇಲೆ ಬೂಷ್ಟಿನಂಥ ಗಿಡಮರಗಳ ವಿಷದ ಕಾಡು ಹಬ್ಬುತ್ತಿದೆ. ಮಾಸ್ಕ್ ಇಲ್ಲದೆ ಒಳಗೆ ಹೋದರೆ ಐದೇ ನಿಮಿಷದಲ್ಲಿ ಶ್ವಾಸಕೋಶ ಕೊಳೆಯುತ್ತೆ. ಕಾಡನ್ನು ಕಾಯೋದು ಬೆಟ್ಟದಂಥ ಹುಳುಗಳು. ಅವುಗಳಲ್ಲಿ ದೊಡ್ಡದು ಓಮು. ಕಡಲ ಗಾಳಿ ಬೀಸುವುದರಿಂದ ವಿಷದಿಂದ ಉಳಿದುಕೊಂಡಿರುವ ಒಂದು ಸಣ್ಣ ಕಣಿವೆ, ಅದರ ರಾಜಕುಮಾರಿ ನೌಸಿಕಾ. ಅವಳಿಗೆ ಹುಳುಗಳ ಭಯವಿಲ್ಲ. ಪಕ್ಕದ ಎರಡು ರಾಜ್ಯಗಳು, ಟೊಲ್ಮೆಕಿಯಾ ಮತ್ತು ಪೆಜಿತೆ, ಹಳೇ ಯುದ್ಧದ ದೈತ್ಯ ಅಸ್ತ್ರವೊಂದಕ್ಕಾಗಿ ಕಾದಾಡುತ್ತಿವೆ. ಅದನ್ನು ಎಬ್ಬಿಸಿ ಕಾಡನ್ನೇ ಸುಟ್ಟುಬಿಡಬೇಕು ಅನ್ನೋದು ಅವರ ಲೆಕ್ಕ.

ಇಂಥ ಕಥೆ ಜಪಾನಿನಲ್ಲಿ ಹುಟ್ಟಿದ್ದು ಆಕಸ್ಮಿಕವಲ್ಲ. ಮಿಯಾಜಾಕಿ ಹುಟ್ಟಿದ್ದು 1941ರಲ್ಲಿ. ಅವರ ಕುಟುಂಬದ ಕಾರ್ಖಾನೆ ಯುದ್ಧವಿಮಾನಗಳಿಗೆ ಬಿಡಿಭಾಗ ಮಾಡಿಕೊಡುತ್ತಿತ್ತು. 1945ರ ಜುಲೈನಲ್ಲಿ ಉತ್ಸುನೊಮಿಯಾ ನಗರದ ಮೇಲೆ ಬಾಂಬು ಬಿದ್ದಾಗ ನಾಲ್ಕು ವರ್ಷದ ಹುಡುಗ ಲಾರಿಯೊಂದರಲ್ಲಿ ಮನೆಯವರ ಜೊತೆ ಪಾರಾದ. ಮಗುವನ್ನು ಎತ್ತಿಕೊಂಡ ಯಾರೋ ನಮ್ಮನ್ನೂ ಹತ್ತಿಸಿಕೊಳ್ಳಿ ಅಂತ ಕೇಳಿದರೂ ಲಾರಿ ನಿಲ್ಲಲಿಲ್ಲ ಎಂಬುದನ್ನು ಅವರು ದೊಡ್ಡವರಾದ ಮೇಲೂ ಹೇಳಿಕೊಂಡಿದ್ದಾರೆ. ಮುಂದಿನ ತಿಂಗಳೇ ಹಿರೋಶಿಮಾ, ನಾಗಸಾಕಿ. 1954ರ ಮಾರ್ಚ್‌ನಲ್ಲಿ ಬಿಕಿನಿ ದ್ವೀಪದ ಹೈಡ್ರೋಜನ್ ಬಾಂಬ್ ಪರೀಕ್ಷೆಯ ಬೂದಿ ಒಂದು ಜಪಾನಿ ಮೀನುಗಾರಿಕೆ ದೋಣಿಯ 23 ಜನರ ಮೇಲೆ ಸುರಿಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಗಾಡ್ಜಿಲ್ಲಾ ತೆರೆಗೆ ಬಂತು. ಲೋಕ ಮುಗಿದುಹೋಗೋದು ಬೇರೆಯವರಿಗೆ ಕಟ್ಟುಕಥೆ. ಆ ತಲೆಮಾರಿನ ಜಪಾನೀಯರಿಗೆ ಅದು ಊರಿನ ನೆನಪು.

ಇನ್ನು ಸಿನಿಮಾ ಆದ ಬಗೆ. ಮಿಯಾಜಾಕಿ ತಂದ ಸಿನಿಮಾ ಯೋಚನೆಗಳಿಗೆ ಯಾರೂ ಹಣ ಹಾಕಲಿಲ್ಲ. ಮೊದಲೇ ಓದುಗರಿರುವ ಚಿತ್ರಕಥೆ ಇದ್ದರೆ ಬೇರೆ ಮಾತು ಅಂದರು. ಹಾಗಾದರೆ ಬರೆದೇಬಿಡ್ತೀನಿ ಅಂತ 1982ರಲ್ಲಿ 'ಅನಿಮೇಜ್' ಪತ್ರಿಕೆಯಲ್ಲಿ ನೌಸಿಕಾ ಧಾರಾವಾಹಿ ಶುರು ಮಾಡಿದರು. ಅದು ಜನಪ್ರಿಯವಾಗಿ, ಇಸಾವೊ ತಕಾಹಾತಾ ನಿರ್ಮಾಪಕರಾಗಿ, 1984ರ ಮಾರ್ಚ್ 11ಕ್ಕೆ ಸಿನಿಮಾ ಬಿಡುಗಡೆಯಾಯಿತು. ಅದರ ಗೆಲುವಿನ ಬೆನ್ನಿಗೇ 1985ರಲ್ಲಿ ಸ್ಟುಡಿಯೋ ಘಿಬ್ಲಿ ಹುಟ್ಟಿಕೊಂಡಿತು. ನಾಯಕಿಯ ಹೆಸರು ಗ್ರೀಕರ ಒಡಿಸ್ಸಿಯದು, ಸ್ವಭಾವ ಮಾತ್ರ ಜಪಾನಿನದೇ ಹೆಯಾನ್ ಕಾಲದ ಒಂದು ಕಥೆಯದು. ಹುಬ್ಬು ತೀಡದೆ, ಹಲ್ಲಿಗೆ ಕಪ್ಪು ಹಚ್ಚದೆ, ಕಂಬಳಿಹುಳು ಸಾಕುತ್ತ ಕೂತ ಶ್ರೀಮಂತರ ಮನೆಯ ಹುಡುಗಿಯ ಕಥೆ ಅದು.

ಮೂರನೇ ಬೇರು ಇರೋದು ಮಿನಾಮಾತದಲ್ಲಿ. ನನ್ನ ತಪ್ಪು ಶುರುವಾಗಿದ್ದೂ ಅಲ್ಲೇ.

ಮಿನಾಮಾತ ಅನ್ನೋದು ದಕ್ಷಿಣ ಜಪಾನಿನ ಒಂದು ಕೊಲ್ಲಿಯ ಊರು. ಅಲ್ಲಿನ ಚಿಸ್ಸೋ ಕಂಪನಿಯ ರಾಸಾಯನಿಕ ಕಾರ್ಖಾನೆ 1932ರಿಂದ 1968ರವರೆಗೆ ಪಾದರಸ ಬೆರೆತ ಕೊಳಚೆಯನ್ನು ಕಡಲಿಗೆ ಬಿಟ್ಟಿತು. ಮೀನು ತಿಂದ ಬೆಕ್ಕುಗಳು ಹುಚ್ಚೆದ್ದು ಕುಣಿದು ಸತ್ತವು. ಆಮೇಲೆ ಮಕ್ಕಳ ಕೈಕಾಲು ಸೊಟ್ಟಗಾದವು, ಮಾತು ನಿಂತಿತು. 1956ರ ಮೇ 1ರಂದು ಕಾಯಿಲೆ ಸರ್ಕಾರಿ ದಾಖಲೆಗೆ ಬಂತು. ಮೊದಲು ಎಲ್ಲರೂ ಅದು ಅಂಟುರೋಗ ಅಂದುಕೊಂಡರು. ರೋಗಿಗಳನ್ನು ಬೇರೆ ಇಟ್ಟರು, ಅವರ ಮನೆಗಳಿಗೆ ಔಷಧ ಹೊಡೆದರು, ನೆರೆಯವರು ಮುಖ ತಿರುಗಿಸಿದರು. ವಿಷ ಉಂಡವರನ್ನೇ ವಿಷ ಹಂಚುವವರು ಅಂತ ಕಂಡರು. ಕೊಲ್ಲಿಯ ಮೀನನ್ನು ಯಾರೂ ಹಿಡಿಯದಂತಾದ ಮೇಲೆ ಅಲ್ಲಿ ಮತ್ತೆ ಮೀನು ಹಿಂಡು ಹಿಂಡಾಗಿ ತುಂಬಿಕೊಂಡವಂತೆ. ಅದನ್ನು ಕೇಳಿದಾಗಲೇ ವಿಷದ ಕಾಡಿನ ಯೋಚನೆ ಮೊಳೆತದ್ದು ಅಂತ ಮಿಯಾಜಾಕಿ ಹೇಳಿದ್ದಾರೆ.

ಇದನ್ನು ತಿಳಿದು ನೋಡಿದರೆ ಸಿನಿಮಾದ ದೊಡ್ಡ ಶಕ್ತಿ ಕಾಣುತ್ತೆ. ನೌಸಿಕಾ ಅರಮನೆಯ ಕೆಳಗೆ ಗುಟ್ಟಾಗಿ ಒಂದು ತೋಟ ಮಾಡಿರುತ್ತಾಳೆ. ಕಾಡಿನ ಅದೇ ಗಿಡಗಳನ್ನು ಆಳದ ಬಾವಿಯ ನೀರು, ಶುದ್ಧ ಮಣ್ಣು ಹಾಕಿ ಬೆಳೆಸಿದರೆ ಅವು ವಿಷ ಕಾರೋದಿಲ್ಲ! ಅಂದರೆ ವಿಷ ಗಿಡದ್ದಲ್ಲ, ಮಣ್ಣಿನದು. ಮಣ್ಣಿಗೆ ವಿಷ ಹಾಕಿದವರು ಮನುಷ್ಯರು. ಆಮೇಲೆ ಅವಳು ಕಾಡಿನ ಅಡಿಗೇ ಬೀಳುತ್ತಾಳೆ. ಮೇಲೆ ನರಕ, ಕೆಳಗೆ ಕಲ್ಲಾದ ಮರಗಳು, ತಿಳಿ ನೀರು, ಮೇಲಿಂದ ಸಣ್ಣಗೆ ಉದುರುವ ಬಿಳಿ ಮರಳು. ಕಾಡು ಸಾವಿರ ವರ್ಷದಿಂದ ಭೂಮಿಯ ಕೊಳೆ ತೊಳೀತಾ ಇದೆ. ನಾವು ಅದನ್ನೇ ಶತ್ರು ಅಂದುಕೊಂಡು ಬೆಂಕಿ ಹಿಡಿದು ನಿಂತಿದ್ದೀವಿ. ಸುಡಲು ಹೋದಾಗಲೆಲ್ಲ ಓಮುಗಳು ರೊಚ್ಚಿಗೆದ್ದು ಊರುಗಳನ್ನು ತುಳಿದು, ಓಡಿ ಓಡಿ ಸತ್ತು, ಅವುಗಳ ಹೆಣದ ಮೇಲೇ ಹೊಸ ಕಾಡು ಬೆಳೆದದ್ದನ್ನು ಊರಿನ ಕುರುಡಜ್ಜಿ ಹೇಳುತ್ತಾಳೆ. ರೋಗಿಗಳ ಮನೆಗೆ ಔಷಧ ಹೊಡೆದ ಮಿನಾಮಾತವೇ ನನ್ನ ಕಣ್ಣ ಮುಂದೆ ಬಂತು.

ಎರಡನೇ ಶಕ್ತಿ, ಇಲ್ಲಿ ರಾಕ್ಷಸರಿಲ್ಲ. ಟೊಲ್ಮೆಕಿಯಾದ ಕುಶಾನಾ ನೌಸಿಕಾಳ ಊರಿನ ಮೇಲೆ ದಂಡೆತ್ತಿ ಬಂದವಳು, ಸರಿ. ಆದರೆ ಅವಳ ಕವಚ ಕಳಚಿದಾಗ ಹುಳುಗಳು ತಿಂದ ತೋಳಿನ ಜಾಗ ಖಾಲಿ ಇರುತ್ತೆ. ಪೆಜಿತೆಯವರು ಕೈಲಾಗದ ಸಂತ್ರಸ್ತರು, ನಿಜ. ಆದರೆ ಅವರೇ ಒಂದು ಮರಿ ಓಮುವನ್ನು ಚುಚ್ಚಿ ನೇತುಹಾಕಿ, ಅದರ ಹಿಂದೆ ಇಡೀ ಹಿಂಡನ್ನು ಕಣಿವೆಯ ಮೇಲೆ ಹರಿಸುತ್ತಾರೆ. ನೌಸಿಕಾಳೂ ದೇವತೆಯಲ್ಲ. ಅಪ್ಪನನ್ನು ಕೊಂದ ಸೈನಿಕರನ್ನು ಅವಳು ಕೊಲ್ಲುತ್ತಾಳೆ. ನಾನೇ ಇಷ್ಟು ಕ್ರೂರಿಯಾದೆನಲ್ಲ ಅಂತ ತನಗೆ ತಾನೇ ಹೆದರುತ್ತಾಳೆ.

ಮೂರನೆಯದು ಕೈಕೆಲಸ. ಕಂಪ್ಯೂಟರ್ ಇಲ್ಲದ ಕಾಲ. ಓಮುವಿನ ಮೈಯ ಪಟ್ಟಿಗಳನ್ನು ಬೇರೆ ಬೇರೆ ಬರೆದು ಕತ್ತರಿಸಿ, ರಬ್ಬರಿನಿಂದ ಜೋಡಿಸಿ, ಎಳೆದೂ ಬಿಟ್ಟೂ ತೆವಳಿಸಿದ್ದಾರೆ. ಅರೆಬೆಂದ ದೈತ್ಯ ಕರಗುತ್ತ ಕರಗುತ್ತ ಬೆಂಕಿ ಉಗುಳುವ ದೃಶ್ಯ ಬರೆದವರು ಹಿಡೆಯಾಕಿ ಆನ್ನೊ ಎಂಬ ಇಪ್ಪತ್ತರ ಹರೆಯದ ಹುಡುಗ. ಮುಂದೆ 'ಇವ್ಯಾಂಜೆಲಿಯನ್' ಮಾಡಿದ್ದು ಅವರೇ. ಸಂಗೀತ ಜೋ ಹಿಸೈಶಿಯವರದು. ನೌಸಿಕಾಳ ಬಾಲ್ಯದ ನೆನಪಿನಲ್ಲಿ ಕೇಳುವ ಆ ಪುಟ್ಟ ದನಿ ಅವರ ನಾಲ್ಕು ವರ್ಷದ ಮಗಳದು. ಕೆಲವು ಕಡೆ ಸಿಂಥಸೈಜರ್ ಸದ್ದು ಹಳತಾಗಿದೆ ಅನ್ನಿಸಿದರೂ ಆ ದನಿ ಹಳತಾಗಿಲ್ಲ.

ಈಗ ನನ್ನ ತಪ್ಪಿಗೆ ಬರ್ತೀನಿ. ಆ ದಿನಗಳಲ್ಲಿ ವಾಟ್ಸಾಪ್ ತುಂಬಾ ಒಂದೇ ಸುದ್ದಿ. ಗಂಗೆ ತಿಳಿಯಾದಳು, ಜಲಂಧರದಿಂದ ಹಿಮಾಲಯ ಕಾಣ್ತಿದೆ, ಮನುಷ್ಯ ಒಳಗೆ ಕೂತರೆ ಸಾಕು ಪ್ರಕೃತಿ ತಾನೇ ವಾಸಿಯಾಗುತ್ತೆ. ನಾನೂ ಅದೇ ಗುಂಗಿನಲ್ಲಿ ಆನ್‌ಲೈನ್ ಕ್ಲಾಸಿನಲ್ಲಿ ನೌಸಿಕಾ ಮತ್ತು ಮಿನಾಮಾತ ಎರಡನ್ನೂ ಜೋಡಿಸಿ, "ನೋಡಿ, ಜನ ಮೀನು ಹಿಡಿಯೋದು ಬಿಟ್ಟರು, ಕೊಲ್ಲಿ ತನ್ನನ್ನು ತಾನೇ ತೊಳೆದುಕೊಂಡಿತು" ಅಂದುಬಿಟ್ಟೆ. ಹಿಂದಿನ ಬೆಂಚಿನ ಒಬ್ಬ ಹುಡುಗ (ಆನ್‌ಲೈನ್‌ನಲ್ಲೂ ಅವನು ಹಿಂದಿನ ಬೆಂಚೇ!) ಮೈಕ್ ಆನ್ ಮಾಡಿ ಕೇಳಿದ: "ಹಾಗಾದ್ರೆ ಸಾರ್, ಪಾದರಸ ಎಲ್ಲಿಗೆ ಹೋಯ್ತು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾಳೆ ಹೇಳ್ತೀನಿ ಅಂದೆ. ರಾತ್ರಿಯೆಲ್ಲ ಕೂತು ಓದಿದೆ.

ಪಾದರಸ ಎಲ್ಲಿಗೂ ಹೋಗಿರಲಿಲ್ಲ. ಕೊಲ್ಲಿಯ ತಳದ ಕೆಸರಿನಲ್ಲೇ ಇತ್ತು. ಮೀನು ಬಂದದ್ದು ನಿಜ, ಆದರೆ ಆ ಮೀನಿನೊಳಗೆ ವಿಷವಿತ್ತು. ಅದು ಆಚೆ ಹೋಗದಿರಲಿ ಅಂತ 1974ರಲ್ಲಿ ಕೊಲ್ಲಿಗೆ ಬಲೆ ಕಟ್ಟಿದರು. 1977ರಿಂದ 1990ರವರೆಗೆ ಸುಮಾರು 15 ಲಕ್ಷ ಘನ ಮೀಟರ್ ಕೆಸರನ್ನು ಬಾಚಿ, ಕೊಲ್ಲಿಯ ಒಂದು ಮೂಲೆಯನ್ನೇ ಮುಚ್ಚಿ, 58 ಹೆಕ್ಟೇರ್ ನೆಲ ಮಾಡಿ ಅದರಡಿ ಹೂತರು. ಮೀನು ಸುರಕ್ಷಿತ ಅಂತ ಘೋಷಿಸಿ ಬಲೆ ತೆಗೆದದ್ದು 1997ರಲ್ಲಿ. ಇಷ್ಟಕ್ಕೆ ಮೊದಲು ರೋಗಿಗಳು ಕಂಪನಿಯ ಗೇಟಿನ ಮುಂದೆ ಕೂತರು, ಕೋರ್ಟಿಗೆ ಹೋದರು, 1973ರಲ್ಲಿ ಗೆದ್ದರು. ಕಂಪನಿಯ ಆಸ್ಪತ್ರೆಯದೇ ವೈದ್ಯ ಹೊಸೊಕಾವಾ 1959ರಲ್ಲಿ ಕಾರ್ಖಾನೆಯ ಕೊಳಚೆಯನ್ನು ಬೆಕ್ಕಿಗೆ ತಿನ್ನಿಸಿ ಕಾರಣ ಕಂಡುಕೊಂಡಿದ್ದರು. ಕಂಪನಿ ಅದನ್ನು ಮುಚ್ಚಿಟ್ಟಿತು. ಸರ್ಕಾರ ಒಪ್ಪಿಕೊಂಡದ್ದು ಒಂಬತ್ತು ವರ್ಷ ಕಳೆದು, 1968ರಲ್ಲಿ. ಕೊಲ್ಲಿಯನ್ನು ಪ್ರಕೃತಿ ಒಂದೇ ತೊಳೆಯಲಿಲ್ಲ. ಕೈಕಾಲು ಸೊಟ್ಟಗಾದವರು ಬೀದಿಗೆ ಬಂದು ತೊಳೆಸಿದರು.

ಸಿನಿಮಾದ ದೌರ್ಬಲ್ಯ ನನಗೆ ಆಗ ಕಂಡಿತು. ತಪ್ಪು ಮಾಡಿದವರನ್ನು ಅದು ಸಾವಿರ ವರ್ಷ ಹಿಂದಕ್ಕೆ ತಳ್ಳಿಬಿಡುತ್ತೆ. ಅವರಿಗೆ ಹೆಸರಿಲ್ಲ, ಲೆಕ್ಕಪುಸ್ತಕವಿಲ್ಲ, ಮುಚ್ಚಿಟ್ಟ ವರದಿಯಿಲ್ಲ. 'ಮನುಷ್ಯ' ತಪ್ಪು ಮಾಡಿದ ಅನ್ನೋದು ಸುಲಭ. ಎಲ್ಲರೂ ತಪ್ಪಿತಸ್ಥರಾದರೆ ಯಾರೂ ದಂಡ ಕಟ್ಟಬೇಕಿಲ್ಲ. ಕಾಡು ತನ್ನ ಕೆಲಸ ತಾನು ಮಾಡುತ್ತೆ, ನಾವು ಅಡ್ಡ ಬರದಿದ್ದರೆ ಸಾಕು ಎಂಬ ಸಮಾಧಾನವೂ ಅದರೊಳಗೆ ನುಸುಳಿದೆ. ನಾನು ಕ್ಲಾಸಿನಲ್ಲಿ ಮಾರಿದ್ದು ಅದೇ ಸಮಾಧಾನವನ್ನು.

ಇನ್ನೊಂದು ದೌರ್ಬಲ್ಯ ಕೊನೆಯದು. ನುಗ್ಗಿ ಬರುವ ಹಿಂಡಿನ ಎದುರು ಮರಿಯೊಂದಿಗೆ ನಿಂತ ನೌಸಿಕಾಳನ್ನು ಓಮುಗಳು ಹಾರಿಸಿ ಎಸೆಯುತ್ತವೆ. ಆಮೇಲೆ ಅವೇ ಚಿನ್ನದ ಎಳೆಗಳಿಂದ ಎತ್ತಿ ಜೀವ ಕೊಡುತ್ತವೆ. ನೀಲಿ ಬಟ್ಟೆ ತೊಟ್ಟವರು ಹೊನ್ನಿನ ಹೊಲದಲ್ಲಿ ಬರುತ್ತಾರೆ ಎಂಬ ಹಳೇ ಭವಿಷ್ಯವಾಣಿ ನಿಜವಾಗುತ್ತೆ. ಮಿಯಾಜಾಕಿಯ ಮೊದಲ ಯೋಚನೆಯಲ್ಲಿ ಈ ಪವಾಡ ಇರಲಿಲ್ಲ. ಜೊತೆಗಾರರ ಸಲಹೆಯಂತೆ ಸೇರಿಸಿದ್ದು. ಧಾರ್ಮಿಕ ಪಟದಂತೆ ಆಯಿತಲ್ಲ ಅಂತ ಅವರಿಗೇ ಆಮೇಲೆ ಕಸಿವಿಸಿ. ಎರಡು ಗಂಟೆ ಕಾಲ ಕಾರಣ, ಪರಿಣಾಮ ಅಂತ ಜೋಡಿಸಿಕೊಂಡು ಬಂದ ಕಥೆ ಕೊನೆಯ ಐದು ನಿಮಿಷ ಕೈಮುಗಿದುಬಿಡುತ್ತೆ. ಆ ಗಡಿಬಿಡಿಯಲ್ಲಿ ಕುಶಾನಾಳಂಥ ದೊಡ್ಡ ಪಾತ್ರವೂ ಸುಮ್ಮನೆ ಹೊರಟುಹೋಗುತ್ತೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಹೇಳದಿದ್ದರೆ ಅನ್ಯಾಯ. ಈ ಕೊರತೆಗಳನ್ನು ಎಲ್ಲರಿಗಿಂತ ಕಟುವಾಗಿ ತಿದ್ದಿದ್ದು ಮಿಯಾಜಾಕಿಯೇ. ಸಿನಿಮಾ ಮುಗಿದರೂ ಧಾರಾವಾಹಿ ನಿಲ್ಲಲಿಲ್ಲ. ನಡುನಡುವೆ ಬಿಟ್ಟು ಬಿಟ್ಟು 1994ರವರೆಗೆ ಬರೆದರು, ಏಳು ಸಂಪುಟವಾಯಿತು. ಅಷ್ಟರಲ್ಲಿ ಸೋವಿಯತ್ ಒಕ್ಕೂಟ ಬಿದ್ದು ಯುಗೊಸ್ಲಾವಿಯಾದಲ್ಲಿ ನೆರೆಹೊರೆಯವರೇ ಕೊಂದಾಡತೊಡಗಿದ್ದರು. ಪುಸ್ತಕದ ಕೊನೆಯಲ್ಲಿ ಗೊತ್ತಾಗುವುದೇನೆಂದರೆ ಆ ಕಾಡು ಪ್ರಕೃತಿಯ ಕೊಡುಗೆಯೇ ಅಲ್ಲ; ಲೋಕ ಹಾಳುಮಾಡಿದ ಹಿಂದಿನವರೇ ತೊಳೆಯಲೆಂದು ತಯಾರಿಸಿ ಬಿಟ್ಟದ್ದು. ಈಗಿನ ಮನುಷ್ಯರನ್ನೂ ವಿಷದಲ್ಲಿ ಬದುಕುವಂತೆ ತಿದ್ದಿದ್ದಾರೆ. ಲೋಕ ಪೂರ್ತಿ ಶುದ್ಧವಾದ ದಿನ ಇವರು ಉಸಿರಾಡಲಾರರು! ಪವಾಡ ತೋರಿಸಿದ ಸಿನಿಮಾಕ್ಕೆ ಪವಾಡವೇ ಇಲ್ಲದ ಪುಸ್ತಕ ಅವರ ಉತ್ತರ.

ಮರುದಿನ ಕ್ಲಾಸಿನಲ್ಲಿ, "ನಿನ್ನೆ ನಾನು ಹೇಳಿದ್ದು ತಪ್ಪು" ಅಂತಲೇ ಶುರು ಮಾಡಿದೆ. ಬಲೆ, ಕೆಸರು, ಕೋರ್ಟು ಎಲ್ಲ ಹೇಳಿದೆ. ಪ್ರಶ್ನೆ ಕೇಳಿದ ಹುಡುಗನ ಮೈಕ್ ಆವತ್ತು ಆನ್ ಆಗಲೇ ಇಲ್ಲ. ನೆಟ್‌ವರ್ಕ್ ಇರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಫೋನ್ ಮಾಡಿ ಹೇಳಿದೆ.

ಸಂಜೆ ಸೊಸೆಗೂ ಇದೇ ವಾದ ಒಪ್ಪಿಸಿದೆ. ಪವಾಡ ಬೇಡವಾಗಿತ್ತು, ಮಿನಾಮಾತದಲ್ಲಿ ಸತ್ತವರು ಯಾರೂ ಎದ್ದು ಬರಲಿಲ್ಲ ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಸರಿ ಮಾಮಾ. ಆದ್ರೆ ಅವಳು ಬದುಕೋದಕ್ಕೆ ಮೊದಲು ಹಿಂಡಿನ ಮುಂದೆ ನಿಂತಳಲ್ಲ, ಆಗ ಅವಳಿಗೆ ಗೊತ್ತಿತ್ತಾ ಬದುಕ್ತೀನಿ ಅಂತ?" ಅಂದಳು.

ಗೊತ್ತಿರಲಿಲ್ಲ. ಗೇಟಿನ ಮುಂದೆ ಕೂತವರಿಗೂ ಗೊತ್ತಿರಲಿಲ್ಲ. ಸಿನಿಮಾವನ್ನು ಇನ್ನೊಮ್ಮೆ ಹಾಕು ಅಂದೆ. ಈ ಸಲ ಕೊನೆಯ ಐದು ನಿಮಿಷಕ್ಕೆ ಮೊದಲೇ ನಿಲ್ಲಿಸಿದೆವು.